ತಲೆ ಕಡೆಯ ಗಂಟು

ಮಾರ್ಚ್ 9, ಭಾನುವಾರ

ನಿನ್ನೆ ಅಕ್ಕ ಜೋಲಿಯಿಂದ ಬಿದ್ದಳು.

ಬೆನ್ನುಮೂಳೆಯ ತೀರಾ ಕೆಳಗಿನ ತುದಿ ಬಿರುಕು ಬಿಟ್ಟಿದೆಯಂತೆ. ಅಲ್ಲಿಗೆ ಪಟ್ಟಿ ಕಟ್ಟಲು ಬರುವುದಿಲ್ಲ, ತಾನಾಗಿಯೇ ಕೂಡಿಕೊಳ್ಳಬೇಕು, ಆರೇಳು ವಾರ ಹಿಡಿಯುತ್ತದೆ ಎಂದರು ಡಾಕ್ಟರು. ಅಲ್ಲಿಯವರೆಗೆ ಗಟ್ಟಿ ಜಾಗದಲ್ಲಿ ಕೂರುವಂತಿಲ್ಲ. ಅಕ್ಕನ ಕೆಲಸವೇ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವುದು.

ಅಕ್ಕ, ಭಾವ, ನಾನು ಮೂವರೂ ನಡಿಗೆ ಗುಂಪಿನ ಜೊತೆ ಕಾಡಿಗೆ ಹೋಗಿದ್ದೆವು. ಗುಂಪು ನಡೆಸುವ ಹೆಂಗಸಿನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುವುದರಿಂದ ಎಲ್ಲರಿಗೂ ಆಕೆ ಸೀಟಿ ಮೇಡಂ. ಬೆಳಿಗ್ಗೆ ಒಂದು ಗಂಟೆ ಕಾಲ, ಎರಡು ಮರಗಳ ನಡುವೆ ಮಲಗಲು ಬಟ್ಟೆಯ ಜೋಲಿ ಕಟ್ಟುವ ಪಾಠ ಮಾಡಿದರು. ಮೊದಲು ತಲೆಯೆತ್ತಿ ಒಣಕೊಂಬೆ ಇದೆಯೇ ನೋಡಬೇಕು. ಮರಕ್ಕೆ ಅಗಲವಾದ ಪಟ್ಟಿ ಸುತ್ತಬೇಕು, ಬರೀ ಹಗ್ಗ ಸುತ್ತಿದರೆ ತೊಗಟೆ ಕೊಯ್ದುಹೋಗುತ್ತದೆ. ಪಟ್ಟಿಗೆ ಹಗ್ಗ ಎರಡು ಸುತ್ತು, ಎರಡು ಗಂಟು. ಜೋಲಿಯ ನಡುಭಾಗ ಕುರ್ಚಿಯ ಎತ್ತರ ಮೀರಬಾರದು. "ಇನ್ನೊಂದು ಮಾತು. ಕಟ್ಟಿದೋರು ಮೊದಲು ಕೂತು ನೋಡ್ಬೇಕು, ಆಮೇಲೆ ಬೇರೆಯವರು. ಹಗ್ಗಕ್ಕೆ ಏನೂ ನೇತು ಹಾಕ್ಬೇಡಿ," ಎಂದರು. ನಾನಾಗ ಪಕ್ಕದವರ ಹತ್ತಿರ ಜಂಬ ಕೊಚ್ಚುತ್ತಿದ್ದೆ. ಬೇಕರಿಯಲ್ಲಿ ಮೂವತ್ತು ವರ್ಷದಿಂದ ಡಬ್ಬಿ ಕಟ್ಟುವವನಿಗೆ ಗಂಟು ಹೇಳಿಕೊಡುತ್ತಾರಲ್ಲ ಎಂದು.

ನಮ್ಮ ಜೋಲಿ ಕಟ್ಟಿದ್ದು ಭಾವ. ಅವರು ಕೈಗಡಿಯಾರ ರಿಪೇರಿ ಮಾಡುವವರು, ಏನು ಮಾಡಿದರೂ ನಿಧಾನ. ಅರ್ಧ ಗಂಟೆ ತೆಗೆದುಕೊಂಡು ಎರಡೂ ಕಡೆ ಕಟ್ಟಿದರು, ಮೇಡಂ ಹೇಳಿದಂತೆ ಕೂತೂ ನೋಡಿದರು, ಆಮೇಲೆ ತೊರೆಯಿಂದ ನೀರು ತರಲು ಹೋದರು. ಊಟವಾದ ಮೇಲೆ ಅಕ್ಕ ಮಲಗಿದಳು. ಹತ್ತು ನಿಮಿಷಕ್ಕೆ ತಲೆ ಕಡೆಯ ಗಂಟು ಬಿಚ್ಚಿಕೊಂಡಿತು.

ಎಲ್ಲರೂ ಓಡಿ ಬಂದರು. ನಾನು ಮೊದಲು ಮಾಡಿದ ಕೆಲಸ ಹಗ್ಗವನ್ನು ಸುರುಳಿ ಸುತ್ತಿ ಎತ್ತಿದ್ದು. ಎರಡನೆಯದು ಬಾಯಿ ತೆರೆದದ್ದು. "ಏನ್ ಭಾವ, ಸರಿಯಾಗಿ ಬಿಗಿದಿರ್ಲಿಲ್ವಾ?"

ಆ ಮಾತು ಹೇಗೆ ಬಂತೋ ನನಗೆ ಗೊತ್ತಿಲ್ಲ. ಅವರು ನೀರಿಗೆ ಹೋಗಿದ್ದಾಗ ತಲೆ ಕಡೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದವನು ನಾನು. ಅಕ್ಕನ ತಲೆ ಸ್ವಲ್ಪ ಎತ್ತರದಲ್ಲಿರಲಿ ಅಂತ. ಯಾರೂ ನೋಡಿರಲಿಲ್ಲ.

ಹಗ್ಗ ಹಳೆಯದಿತ್ತು. ಅದೇ ಕಾರಣ ಇರಬೇಕು.

ಮಾರ್ಚ್ 10, ಸೋಮವಾರ

ಹಗ್ಗ ಕಾರಣವಲ್ಲ.

ಬೆಳಿಗ್ಗೆ ಒಬ್ಬರು ಕೇಕು ಕೊಂಡು ಅಂಗಡಿಯಲ್ಲೇ ಡಬ್ಬಿ ತೆರೆದರು. ನಾನು ಕಟ್ಟಿದ ದಾರದ ತುದಿ ಹಿಡಿದು ಒಂದೇ ಎಳೆತ, ಪೂರ್ತಿ ಬಿಚ್ಚಿಕೊಂಡಿತು. ಅದು ನನ್ನ ಹೆಸರುವಾಸಿ ಗಂಟು. ಕತ್ತರಿ ಬೇಡ, ಹಲ್ಲು ಬೇಡ. ಗಿರಾಕಿಗಳ ಮಕ್ಕಳು ಅದನ್ನು ಎಳೆಯಲೆಂದೇ ಜಗಳವಾಡುತ್ತಾರೆ. ದಿನಕ್ಕೆ ನೂರು ಸಲ ಕಟ್ಟುತ್ತೇನೆ, ಕಣ್ಣು ಬೇರೆಲ್ಲೋ ಇದ್ದರೂ ಕೈ ಕಟ್ಟಿಬಿಡುತ್ತದೆ.

ಅಕ್ಕನ ತಲೆಯ ಹತ್ತಿರವೂ ಅದನ್ನೇ ಕಟ್ಟಿದ್ದೆ. ಅವಳು ಮಲಗುವ ಮುಂಚೆ ತನ್ನ ಶೂಗಳ ಬ್ಯಾಗನ್ನು ಜೋತಾಡುತ್ತಿದ್ದ ಆ ತುದಿಗೇ ನೇತು ಹಾಕಿದಳು. ಜೋಲಿ ತೂಗಿದಂತೆಲ್ಲ ಬ್ಯಾಗು ಎಳೆಯಿತು.

ಹಗ್ಗಕ್ಕೆ ಏನೂ ನೇತು ಹಾಕಬೇಡಿ ಎಂದು ಮೇಡಂ ಹೇಳಿದ್ದರಲ್ಲವೇ? ಅಕ್ಕನೂ ಕೇಳಿಸಿಕೊಂಡಿದ್ದಳು. ಪೂರ್ತಿ ತಪ್ಪು ನನ್ನದೊಬ್ಬನದೇ ಎಂದು ಹೇಗೆ ಹೇಳುವುದು?

ಮಾರ್ಚ್ 13, ಗುರುವಾರ

ಅಕ್ಕನ ಮನೆಗೆ ಹೋದೆ. ಬನ್ನುಗಳನ್ನು ಡಬ್ಬಿಯಲ್ಲಿ ಹಾಕಿ ಕಟ್ಟಲಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ತುರುಕಿಕೊಂಡು ಹೋದೆ.

ಅವಳು ನಡುವೆ ತೂತಿರುವ ದಿಂಬಿನ ಮೇಲೆ ಓರೆಯಾಗಿ ಕೂತಿದ್ದಳು. ನನ್ನನ್ನು ನೋಡಿದ್ದೇ, "ಜೋಲಿಯಿಂದ ಬಿದ್ದಿದ್ದು ನಾನು, ಜೋಲು ಮೋರೆ ನಿಂದ್ಯಾಕೋ?" ಎಂದಳು. ನಕ್ಕೆ. ನಗು ಅರ್ಧಕ್ಕೇ ನಿಂತುಹೋಯಿತು.

ಭಾವ ಕಾಫಿ ತಂದರು. ಲೋಟ ಇಡುವಾಗ ತಟ್ಟೆಗೆ ಚೂರು ಚೆಲ್ಲಿತು. ಅಕ್ಕ ಬಿಡಲಿಲ್ಲ. "ನೋಡು, ನೋಡು. ಕೂದಲಿನಂಥ ಸ್ಪ್ರಿಂಗು ಹಿಡಿಯೋ ಕೈ ಅಂತ ಊರೆಲ್ಲ ಹೊಗಳತ್ತೆ. ಕಟ್ಕೊಂಡ ಹೆಂಡ್ತಿ ಭಾರ ಹಿಡೀಲಿಲ್ಲ." ಭಾವ ಒರೆಸುವ ಬಟ್ಟೆ ತರಲು ಒಳಗೆ ಹೋದರು. ಮೊದಲಾಗಿದ್ದರೆ ತಿರುಗಿ ಒಂದು ಮಾತಾದರೂ ಅನ್ನುತ್ತಿದ್ದರು.

ಹೊರಡುವಾಗ ಮೆಟ್ಟಿಲ ತನಕ ಬಂದು ಮೆಲ್ಲಗೆ ಕೇಳಿದರು. "ನಾನು ಅವತ್ತು ಕೂತು ನೋಡಿದ್ದೆ, ಅಲ್ವಾ? ನೀರಿಗೆ ಹೋಗೋಕೆ ಮುಂಚೆ? ಗಂಟು ಗಟ್ಟಿಯಾಗೇ ಇತ್ತು ಅಂತ ನಂಗೆ ನೆನಪು. ನೀನು ಅಲ್ಲೇ ಇದ್ದೆಯಲ್ಲ, ನೋಡಿದೆ ತಾನೇ?"

"ನೆನಪಿಲ್ಲ ಭಾವ," ಎಂದೆ.

ಹೌದು, ಹಾಗೆಂದೆ. ಇಲ್ಲಿ ಬರೆದಿಟ್ಟಿದ್ದೇನೆ.

ಮಾರ್ಚ್ 16, ಭಾನುವಾರ

ಹೇಳಿಬಿಡೋಣವೆಂದು ಭಾವನಿಗೆ ಫೋನು ಮಾಡಿದೆ. ಸೆಕೆ ಜಾಸ್ತಿಯಾಯಿತು ಎಂದು ಮಾತಾಡಿ ಇಟ್ಟೆ.

ಮಾರ್ಚ್ 17, ಸೋಮವಾರ

ಇವತ್ತೂ ಸೆಕೆ.

ಮಾರ್ಚ್ 23, ಭಾನುವಾರ

ಸೀಟಿ ಮೇಡಂ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಹೊಸಬರಿಗೆ ಅಭ್ಯಾಸ ಮಾಡಿಸುತ್ತಾರೆ. ಸುಮ್ಮನೆ ಹೋದೆ. ಮನೆಯಲ್ಲಿ ಕೂತರೆ ಗೋಡೆಗಳು ಮುಖ ನೋಡುತ್ತವೆ.

ಮಳೆ ಬಂದರೆ ಹಗ್ಗದ ಗುಂಟ ನೀರು ಇಳಿದು ಜೋಲಿ ನೆನೆಯುತ್ತದಂತೆ. ಹಗ್ಗದ ನಡುವೆ ಒಂದು ತುಂಡು ದಾರ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಜೋಲಿಯಲ್ಲಿ ಉದ್ದಕ್ಕೆ ಮಲಗಿದರೆ ಬೆನ್ನು ಬಿಲ್ಲಾಗುತ್ತದೆ, ಓರೆಯಾಗಿ ಮಲಗಬೇಕು. ಹಗ್ಗ ಬಿಗಿದಷ್ಟೂ ಒಳ್ಳೆಯದೆಂದು ನಾನು ತಿಳಿದಿದ್ದೆ. ಅದೂ ತಪ್ಪಂತೆ. ಹಗ್ಗ ತೀರಾ ನೇರ ನಿಂತರೆ ಮರದ ಮೇಲೂ ಗಂಟಿನ ಮೇಲೂ ಮಲಗಿದವರ ತೂಕಕ್ಕಿಂತ ಹೆಚ್ಚು ಭಾರ ಬೀಳುತ್ತದೆ. ಸ್ವಲ್ಪ ಇಳಿಬಿಡಬೇಕು. ಇದನ್ನೆಲ್ಲ ಅವತ್ತೂ ಹೇಳಿದ್ದರಂತೆ.

ಆಮೇಲೆ ಎಲ್ಲರಿಂದಲೂ ಕಟ್ಟಿಸಿದರು. ನನ್ನ ಸರದಿ ಬಂದಾಗ ಕೈ ತಾನಾಗಿಯೇ ಕಟ್ಟಿತು. ಮೇಡಂ ಬಂದು ತುದಿ ಹಿಡಿದು ಎಳೆದರು. ಹಗ್ಗ ಕೆಳಗೆ ಬಿತ್ತು.

"ಚೆನ್ನಾಗಿದೆ. ಪಾರ್ಸೆಲ್‌ಗೆ. ಮನುಷ್ಯರಿಗಲ್ಲ," ಎಂದರು. ಹಗ್ಗವನ್ನು ನನ್ನ ಕೈಗಿಟ್ಟು ಅಲ್ಲೇ ನಿಂತರು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. "ನಿಮ್ಮ ಭಾವ ನನ್ನ ಮುಂದೇನೇ ಹತ್ತು ಸಲ ಕಟ್ಟಿ ತೋರಿಸಿದ್ರು. ಒಂದ್ಸಲಾನೂ ತಪ್ಪಿರ್ಲಿಲ್ಲ. ಹೇಗಾಯ್ತೋ ಕಾಣೆ."

ನಾನೂ ಕಾಣೆ ಎಂಬಂತೆ ತಲೆ ಆಡಿಸಿದೆ.

ಏಪ್ರಿಲ್ 3, ಗುರುವಾರ

ಬೇಕರಿಯಲ್ಲಿ ಓವನ್ನಿನ ಕೆಲಸ ಮಾಡುವವನ ಬಾಯಿ ಜಾಸ್ತಿಯಾಗಿದೆ. ಬೆಳಿಗ್ಗೆ ಒಬ್ಬ ಗಿರಾಕಿ ನಿನ್ನೆಯ ಡಬ್ಬಿಯನ್ನು ಕಟ್ಟಿದ ಹಾಗೇ ವಾಪಸ್ ತಂದ. ಮನೆಯಲ್ಲಿ ಯಾರಿಗೂ ಬಿಚ್ಚಲಾಗಲಿಲ್ಲವಂತೆ, ಹುಟ್ಟುಹಬ್ಬದವಳು ಅತ್ತುಬಿಟ್ಟಳಂತೆ. ಓವನ್ನಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಣ್ಣಾ, ಕೇಕು ಕಟ್ತಿದೀರೋ ಕಳ್ಳನ್ನ ಕಟ್ತಿದೀರೋ? ಹತ್ತು ದಿನದಿಂದ ಹಿಂಗೇ. ಡಬ್ಬಿ ಜೊತೆ ಒಂದು ಕತ್ತರೀನೂ ಮಾರೋಣ ಬಿಡಿ."

ನಾನು ರೇಗಿದೆ. ದಾರ ಹೊಸದು, ಒರಟಾಗಿದೆ ಎಂದೆ. ದಾರ ಅದೇ ಹಳೆಯದು.

ರೂಮಿನಲ್ಲಿ ಕುರ್ಚಿಯ ಕಾಲಿಗೂ ಕಿಟಕಿಯ ಸರಳಿಗೂ ಹಗ್ಗ ಕಟ್ಟಿ ಅಭ್ಯಾಸ ಮಾಡುತ್ತಿದ್ದೇನೆ. ಎರಡು ಸುತ್ತು, ಎರಡು ಗಂಟು. ಇದರಿಂದ ಅಕ್ಕನಿಗೇನು ಉಪಯೋಗವೋ ಗೊತ್ತಿಲ್ಲ.

ಏಪ್ರಿಲ್ 13, ಭಾನುವಾರ

ಭಾವನ ಅಂಗಡಿ ಒಂದು ಮೇಜು, ಒಂದು ದೀಪ, ಗೋಡೆ ತುಂಬ ಗಡಿಯಾರ, ಅಷ್ಟೇ. ನನ್ನ ಗಡಿಯಾರ ನಿಂತು ವರ್ಷವಾಗಿದೆ. ಅದನ್ನೇ ನೆಪ ಮಾಡಿಕೊಂಡು ನಿನ್ನೆ ಹೋದೆ.

ಮೇಜಿನ ಮೇಲೆ ಬಟ್ಟೆ ಹೊದಿಸಿತ್ತು. ಕಣ್ಣಿಗೆ ಹಾಕುವ ಗಾಜು ಡಬ್ಬಿಯೊಳಗಿತ್ತು. ಭಾವ ನನ್ನ ಗಡಿಯಾರ ಮುಟ್ಟಲೂ ಇಲ್ಲ.

"ಬೇರೆ ಕಡೆ ಕೊಡು. ನನ್ನ ಕೈ ನಂಬಬೇಡ," ಎಂದರು.

"ಏನ್ ಭಾವ ಹಿಂಗಂತೀರಾ? ನಿಮ್ಮ ಕೈ..."

"ಗಂಟು ಕಟ್ಟಿದ್ದು ನೆನಪಿದೆ. ಕಟ್ಟಿದ ಮೇಲೆ ಕೂತು ನೋಡಿದ್ದೂ ನೆನಪಿದೆ. ಆದ್ರೆ ಗಂಟು ಬಿಚ್ಕೊಂಡಿತು. ಅಂದ್ರೆ ನನ್ನ ನೆನಪು ಸುಳ್ಳು. ಇನ್ನು ಯಾರದೋ ಗಡಿಯಾರ ಬಿಚ್ಚಿ, ಸ್ಕ್ರೂ ಹಾಕಿದೀನಿ ಅನ್ಕೊಂಡು, ಹಾಕದೇ ಬಿಟ್ರೆ?" ಅವರು ಲೆಕ್ಕ ಹಾಕಿದ ಹಾಗೆ ಸಮಾಧಾನವಾಗಿ ಹೇಳಿದರು. ಪಕ್ಕದ ಬೀದಿಯ ರಿಪೇರಿಯವನಿಗೆ ತಿಂಗಳ ಕೊನೆಗೆ ಅಂಗಡಿಯ ಬೀಗದ ಕೈ ಕೊಡುತ್ತಾರಂತೆ. ಮಾತು ಮುಗಿದಿದೆಯಂತೆ.

ನಾನು ತೆಗೆದ ಬಾಯಿ ಮುಚ್ಚಿದೆ. ಗೋಡೆಯ ಮೇಲೆ ಅಷ್ಟೂ ಗಡಿಯಾರ ಟಿಕ್ ಟಿಕ್ ಎನ್ನುತ್ತಿದ್ದವು.

ಛೀ. ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 20, ಭಾನುವಾರ

ಅಕ್ಕನ ಮನೆಗೆ ಹೋದೆ. ಹೇಳಲಿಲ್ಲ. ಅಕ್ಕ ಈಗ ಅರ್ಧ ದಿನ ಕೆಲಸಕ್ಕೆ ಹೋಗುತ್ತಿದ್ದಾಳೆ, ದಿಂಬು ಜೊತೆಗೆ ಒಯ್ಯುತ್ತಾಳೆ. ಭಾವನ ಮುಂದೆ ಮಾತ್ರೆ ಡಬ್ಬಿ ಇಟ್ಟು, "ಬೆಳಿಗ್ಗೆ ತಗೊಂಡ್ರೋ ಇಲ್ವೋ, ಅದಾದ್ರೂ ನೆನಪಿದ್ಯಾ?" ಎಂದಳು. ಭಾವ ಡಬ್ಬಿಯೊಳಗಿನ ಮಾತ್ರೆ ಎಣಿಸಿ ನೋಡಿ ಉತ್ತರ ಹೇಳಿದರು.

ಬ್ಯಾಗು ನೇತು ಹಾಕಿದವಳು ಅವಳಲ್ಲವೇ ಎಂದು ಮೊದಲೊಂದು ಸಲ ಬರೆದಿದ್ದೆ. ಆ ಹಾಳೆ ಹರಿಯೋಣವೆಂದುಕೊಂಡೆ. ಹರಿಯಲಿಲ್ಲ. ಇರಲಿ, ನಾನು ಎಂಥವನು ಎಂದು ನನಗಾದರೂ ಗೊತ್ತಿರಲಿ.

ಏಪ್ರಿಲ್ 26, ಶನಿವಾರ

ಹೇಳಿದೆ.

ಬಾಯಿಂದ ಬರುವುದಿಲ್ಲ ಎಂದು ಇಷ್ಟು ದಿನದಲ್ಲಿ ಖಾತ್ರಿಯಾಗಿತ್ತು. ಬೇಕರಿಯಿಂದ ಒಂದು ಸಾದಾ ಕೇಕು ತೆಗೆದುಕೊಂಡು ನನ್ನ ಹಳೆಯ ಗಂಟು ಹಾಕಲು ಕೂತೆ. ಕೈಗೆ ಮರೆತೇಹೋಗಿತ್ತು. ಮೂರು ಸಲವೂ ಗಟ್ಟಿ ಗಂಟೇ ಬಿತ್ತು. ನಾಲ್ಕನೆಯ ಸಲ ಸರಿಯಾಯಿತು.

ಭಾವ ಪೇಪರ್ ಓದುತ್ತಿದ್ದರು. ಅಕ್ಕ ಒಳಗಿದ್ದಳು. ಡಬ್ಬಿಯನ್ನು ಭಾವನ ಮುಂದಿಟ್ಟು, "ಆ ತುದಿ ಎಳೀರಿ," ಎಂದೆ.

ಎಳೆದರು. ದಾರ ಪೂರ್ತಿ ಬಿಚ್ಚಿಕೊಂಡು ಮೇಜಿನ ಮೇಲೆ ಬಿತ್ತು. ಭಾವನಿಗೆ ಅದು ಹೇಗೆಂದು ತಿಳಿಯುವ ಆಸೆ. ಇನ್ನೊಂದು ಸಲ ಕಟ್ಟಿಸಿ, ಕನ್ನಡಕ ಮೇಲೆ ಸರಿಸಿ, ದಾರ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಬೆರಳಿನಲ್ಲಿ ಗುರುತು ಹಿಡಿದರು. ಮತ್ತೆ ಎಳೆದರು. "ಪರವಾಗಿಲ್ವೇ, ಜಾಣತನದ ಗಂಟು," ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿ ಒಂದೂವರೆ ತಿಂಗಳಾಗಿತ್ತು.

"ಅವತ್ತು ಅಕ್ಕನ ತಲೆ ಕಡೆ ಇದ್ದದ್ದು ಇದು, ಭಾವ. ನೀವು ನೀರಿಗೆ ಹೋದಾಗ ನಿಮ್ಮ ಗಂಟು ಬಿಚ್ಚಿ ನಾನು ಇದನ್ನ ಹಾಕಿದೆ."

ಅವರು ದಾರ ಹಿಡಿದುಕೊಂಡೇ ಕೂತರು. ಆಮೇಲೆ ಹೇಳಿದರು. "ಹಾಗಾದ್ರೆ ನಾನು ಕೂತು ನೋಡಿದ್ದೆ."

"ನೋಡಿದ್ರಿ. ಎರಡು ಸಲ. ನಾನೇ ಕಣ್ಣಾರೆ ಕಂಡೆ."

"ಕೇಳಿದಾಗ ನೆನಪಿಲ್ಲ ಅಂದೆಯಲ್ಲಯ್ಯಾ."

"ಸುಳ್ಳು ಹೇಳ್ದೆ."

"ನಾನು ಡಾಕ್ಟರ ಹತ್ರ ಹೋಗಿ ಬಂದೆ," ಎಂದರು. ದನಿ ತಗ್ಗಿಸಿದ್ದರು. "ಮರೆವಿನ ಕಾಯಿಲೆ ಶುರುವಾಯ್ತೇನೋ ಅಂತ. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೀತಾ ಬನ್ನಿ, ಅಂತೆಲ್ಲ ಕೇಳಿದ್ರು. ಎಲ್ಲ ಸರಿ ಹೇಳ್ದೆ. ಆದ್ರೂ ನಂಗೆ ನಂಬಿಕೆ ಬರ್ಲಿಲ್ಲ. ನಿನ್ನಕ್ಕಂಗೆ ಹೇಳಿಲ್ಲ, ಹೆದರ್ಕೋತಾಳೆ."

"ಏನು ಹೇಳಿಲ್ಲ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಆ ತೂತಿನ ದಿಂಬು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮುಖ ನೋಡಿದರೆ ಎಲ್ಲವನ್ನೂ ಕೇಳಿಸಿಕೊಂಡಂತೆಯೇ ಇತ್ತು. ನಾನು ಎದ್ದು ನಿಂತೆ. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡೆ. ನಾನು ಚಿಕ್ಕವನಿದ್ದಾಗ ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದವಳು ಅವಳೇ.

ಅವಳು ನನ್ನ ಹತ್ತಿರ ಬರಲೇ ಇಲ್ಲ. ಭಾವನ ಕುರ್ಚಿಯ ಹಿಂದೆ ಹೋಗಿ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು.

"ಇವರನ್ನ ನಾನು ಏನೇನಂದೆ ಗೊತ್ತೇನೋ ನಿಂಗೆ? ನಿನ್ನ ಮುಂದೆ ಅಂದಿದ್ದು ಒಂದು ಪಾಲು. ನೀನು ಹೋದ ಮೇಲೆ ಅಂದಿದ್ದು ಹತ್ತು ಪಾಲು. ನೋವು ಬಂದಾಗಲೆಲ್ಲ ಅಂದೆ. ಕೂರೋಕಾಗ್ದೆ ಅಂದೆ, ಏಳೋಕಾಗ್ದೆ ಅಂದೆ. ಒಂದಕ್ಕೂ ಇವರು ತಿರುಗಿ ಮಾತಾಡ್ಲಿಲ್ಲ. ತಪ್ಪು ನಂದೇ ಅಂತ ಕೇಳ್ಕೊಂಡು ಕೂತಿದ್ರು. ಮೂಳೆ ಕೂಡ್ಕೊಳ್ತು ಕಣೋ. ಅಂದ ಮಾತನ್ನ ಹೆಂಗೋ ವಾಪಸ್ ತಗೊಳ್ಳಲಿ?"

ಮೂಳೆ ಮುರಿದದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ವಾರಗಟ್ಟಲೆ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಇದಕ್ಕೆ ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ.

"ಹೋಗು," ಎಂದಳು. "ಇವತ್ತು ಹೋಗು."

ಬಂದೆ. ಕೇಕು ಅಲ್ಲೇ ಇದೆ.

ಏಪ್ರಿಲ್ 27, ಭಾನುವಾರ

ಪಾರ್ಕಿಗೆ ಹೋಗಿ ಎಲ್ಲರೆದುರು ಸೀಟಿ ಮೇಡಂಗೂ ಹೇಳಿದೆ. ಗುಂಪಿನ ಮುಂದೆ ಭಾವನ ಹೆಸರು ಕೆಟ್ಟದ್ದು ನನ್ನ ಬಾಯಿಂದ, ಸರಿಯಾಗಬೇಕಾದದ್ದೂ ಅಲ್ಲೇ. ಯಾರೋ "ಅಯ್ಯೋ ದೇವರೇ" ಎಂದರು. ಮೇಡಂ ಹಗ್ಗ ಕೊಟ್ಟು, "ಕಟ್ಟಿ," ಎಂದರು. ಕಟ್ಟಿದೆ. ಎಳೆದು ನೋಡಿ ಮುಂದಿನವರ ಹತ್ತಿರ ಹೋದರು.

ಮೇ 2, ಶುಕ್ರವಾರ

ಭಾವನ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಹಾದುಹೋದೆ. ಬಾಗಿಲು ತೆರೆದಿತ್ತು. ಮೇಜಿನ ಬಟ್ಟೆ ತೆಗೆದಿದ್ದರು, ದೀಪ ಉರಿಯುತ್ತಿತ್ತು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ತಲೆ ಬಗ್ಗಿಸಿ ಕೂತಿದ್ದರು.

ಒಳಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಒಂದು ಬಸ್ಸು ಬಂದು ಅಡ್ಡ ನಿಲ್ಲುವ ತನಕ ನೋಡಿಕೊಂಡು ನಿಂತಿದ್ದೆ.

ಮೇ 7, ಬುಧವಾರ

ಭಾವ ಫೋನು ಮಾಡಿದ್ದರು. "ಭಾನುವಾರ ಗುಂಪು ಕಾಡಿಗೆ ಹೋಗ್ತಿದೆ. ನಿನ್ನಕ್ಕ ಬರ್ತೀನಿ ಅಂದಿದಾಳೆ. ನೀನೂ ಬಾ. ಕಾಲು ಕಡೆ ನಾನು ಕಟ್ತೀನಿ, ತಲೆ ಕಡೆ ನೀನು ಕಟ್ಟು."

"ಭಾವ, ಅಕ್ಕ ಏನಂತಾಳೆ?"

"ಏನೂ ಅನ್ನಲ್ಲ. ಅದೇ ನೋಡು ಕಷ್ಟ," ಎಂದು ಫೋನು ಇಟ್ಟರು.

ಮೇ 11, ಭಾನುವಾರ

ವ್ಯಾನಿನಲ್ಲಿ ಅಕ್ಕ ಮುಂದಿನ ಸೀಟಿನಲ್ಲಿ ದಿಂಬು ಹಾಕಿ ಕೂತಿದ್ದಳು. ಒಮ್ಮೆಯೂ ಹಿಂದೆ ತಿರುಗಲಿಲ್ಲ. ಏಪ್ರಿಲ್ 26ರಿಂದ ನನ್ನ ಜೊತೆ ಅವಳು ಒಂದು ಮಾತೂ ಆಡಿಲ್ಲ.

ಅದೇ ಜಾಗ. ಮರಗಳು ಬೇರೆ ಆರಿಸಿದೆವು. ತಲೆಯೆತ್ತಿ ಕೊಂಬೆ ನೋಡಿದೆ. ಪಟ್ಟಿ ಸುತ್ತಿ ಅದರ ಕೆಳಗೆ ಬೆರಳು ಆಡಿಸಿ, ಎಲ್ಲೂ ಮಡಿಚಿಕೊಂಡಿಲ್ಲವೆಂದು ನೋಡಿದೆ. ಹಗ್ಗ ಎರಡು ಸುತ್ತು, ಎರಡು ಗಂಟು. ಮಿಕ್ಕ ತುದಿಯನ್ನು ಜೋತಾಡಲು ಬಿಡದೆ ಹಗ್ಗಕ್ಕೇ ಸುತ್ತಿ ಸಿಕ್ಕಿಸಿದೆ. ಭಾವ ಕಾಲು ಕಡೆ ಕಟ್ಟಿ ಮುಗಿಸಿ ಎಷ್ಟೋ ಹೊತ್ತಾಗಿತ್ತಂತೆ. "ನಿಧಾನ ಅಂತ ನನ್ನನ್ನ ಆಡ್ಕೋತಿದ್ದೆಯಲ್ಲ," ಎಂದರು. ಗಡಿಯಾರ ನೋಡಿಕೊಂಡೆ. ಬೆಳಿಗ್ಗೆ ಅವರೇ ಹೊಸ ಸೆಲ್ಲು ಹಾಕಿಕೊಟ್ಟಿದ್ದರು, ಈಗ ಸರಿಯಾಗಿ ನಡೆಯುತ್ತಿದೆ. ಒಂದು ಗಂಟು ಕಟ್ಟಲು ನನಗೆ ನಲವತ್ತು ನಿಮಿಷ ಹಿಡಿದಿತ್ತು.

ಕಟ್ಟಿದವರು ಮೊದಲು ಕೂರಬೇಕು. ನಾನು ಕೂತೆ. ಮಲಗಿದೆ. ಎರಡೂ ಪಕ್ಕಕ್ಕೆ ತೂಗಿದೆ. ಆಮೇಲೆ ಭಾವ ಕೂತರು.

ಅಕ್ಕ ಬಂದು ತಲೆ ಕಡೆಯ ಗಂಟನ್ನು ನೋಡುತ್ತಾ ನಿಂತಳು. ಬೆರಳಿನಿಂದ ಒತ್ತಿದಳು. ಬಟ್ಟೆಯನ್ನು ಭಾವ ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ಅವಳು ಮೆಲ್ಲಗೆ ಕೂತು ಶೂ ಬಿಚ್ಚಿದಳು, ಬ್ಯಾಗಿಗೆ ಹಾಕಿದಳು. ಬ್ಯಾಗು ಕೈಯಲ್ಲಿ ಹಿಡಿದುಕೊಂಡು ಭಾವನ ಮುಖ ನೋಡಿ ಕೇಳಿದಳು.

"ಇದನ್ನ ಎಲ್ಲಿ ನೇತು ಹಾಕ್ಲಿ?"

ನಾನು ಕೈ ಚಾಚಿದೆ.

ಅಕ್ಕ ನನ್ನ ಕೈಯನ್ನೇ ನೋಡಿದಳು. ಆಮೇಲೆ ಬ್ಯಾಗಿನ ಹಿಡಿಯನ್ನು ನನ್ನ ಬೆರಳಿಗೆ ಸಿಕ್ಕಿಸಿದಳು. "ಸಂಜೆ ತನಕ ಹಿಡ್ಕೊಂಡಿರ್ಬೇಕಾಗತ್ತೆ."

"ಹಿಡ್ಕೋತೀನಿ."

ಅವಳು ಓರೆಯಾಗಿ ಮಲಗಿ ಕಣ್ಣು ಮುಚ್ಚಿದಳು. ಭಾವ ಮರಕ್ಕೆ ಒರಗಿ ಕೂತರು. ನಾನು ಜೋಲಿಯ ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತೆ, ಕಾಲು ಸೋತ ಮೇಲೆ ಕೂತೆ. ಒಂದು ಕೈ ನೋವು ಬಂದರೆ ಇನ್ನೊಂದು ಕೈಗೆ ಬದಲಾಯಿಸಿದೆ.

ಸುತ್ತ ಒಣ ನೆಲ ಬೇಕಾದಷ್ಟಿತ್ತು, ಕೆಳಗೆ ಇಡಬಹುದಿತ್ತು. ಅವಳೂ ಹೇಳಲಿಲ್ಲ, ನಾನೂ ಇಡಲಿಲ್ಲ.